ಇಟ್ಟ ಬಟ್ಟೆ

ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಸಾಕು, ನಮ್ಮ ಬೀದಿಯ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬರುತ್ತಾರೆ. ಹೊಸಿಲ ಹತ್ತಿರ ನಿಂತು, ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ, "ಅಕ್ಕಾ, ಸಂಜೆ ಹೊತ್ತಿನ ಕೆಲಸಕ್ಕೆ ಕರೆದಿದಾರೆ. ಏನು ಹಾಕ್ಕೊಂಡು ಹೋಗ್ಲಿ?" ಎಂದು ಕೇಳುತ್ತಾರೆ. ಬೇರೆ ಊರುಗಳಲ್ಲಾದರೆ ಇಸ್ತ್ರಿ ಮಾಡಿದ್ದು ಹಾಕಿಕೋ, ತಿಳಿ ಬಣ್ಣದ್ದು ಹಾಕಿಕೋ, ತೀರಾ ಬಿಗಿಯಾದದ್ದು ಬೇಡ ಎಂದು ಹೇಳಿ ಕಳಿಸಬಹುದಂತೆ. ನಮ್ಮೂರಿನಲ್ಲಿ ಅಷ್ಟು ಸುಲಭವಲ್ಲ. ಇಲ್ಲಿ ಯಾವ ಬಟ್ಟೆ ಎನ್ನುವುದಕ್ಕಿಂತ ಮೊದಲು ಯಾರ ಬಟ್ಟೆ ಎಂದು ಕೇಳಬೇಕು.

ಹೊಸ ಬಟ್ಟೆಯಲ್ಲಿ ಯಾರೂ ಇರುವುದಿಲ್ಲ. ಅದನ್ನು ಹಾಕಿಕೊಂಡು ಸಂದರ್ಶನಕ್ಕೆ ಹೋದರೆ ಕೈ ಎಲ್ಲಿಡಬೇಕೆಂದು ತಿಳಿಯದೆ ಬೊಂಬೆಯ ಹಾಗೆ ನಿಂತು ಬರಬೇಕಾಗುತ್ತದೆ. ನಮ್ಮದೇ ಹಳೆಯ ಬಟ್ಟೆಯಲ್ಲಿ ನಾವೇ ಇರುತ್ತೇವೆ, ನಿಜ. ಆದರೆ ಹದಿನಾರು ವರ್ಷದ ನಮ್ಮನ್ನು ನೋಡಿ ಯಾರು ಕೆಲಸ ಕೊಡುತ್ತಾರೆ? ಆದ್ದರಿಂದ ಬೇರೆಯವರು ಹಾಕಿ ಹಳೆಯದಾದದ್ದನ್ನು ಎರವಲು ತರಬೇಕು, ಇಲ್ಲವೇ ಕೊಳ್ಳಬೇಕು. ಮಂಗಳವಾರದ ಸಂತೆಯಲ್ಲಿ ಹಳೆ ಬಟ್ಟೆಯವರು ಕೂಗುವುದನ್ನು ಕೇಳಬೇಕು. "ಮೇಷ್ಟ್ರ ಷರಟು! ಇಪ್ಪತ್ತು ವರ್ಷ ಪಾಠ ಮಾಡಿರೋದು! ದರ್ಜಿ ಹಾಕ್ಕೊಂಡಿದ್ದ ಅಂಗಿ, ಕತ್ತರಿ ತಾನಾಗೇ ಓಡುತ್ತೆ!" ಎರವಲು ತರುವಾಗಲೂ ಬುದ್ಧಿ ಬೇಕು. ಪಕ್ಕದ ಬೀದಿಯ ಕೆಂಪರಾಜು ಐಸ್‌ಕ್ರೀಂ ಅಂಗಡಿಯ ಕೆಲಸಕ್ಕೆ ಬ್ಯಾಂಕ್ ಮ್ಯಾನೇಜರರ ಪ್ಯಾಂಟು ಹಾಕಿಕೊಂಡು ಹೋದ. ದೊಡ್ಡ ಮನುಷ್ಯರ ಪ್ಯಾಂಟು, ಕೆಲಸ ಗ್ಯಾರಂಟಿ ಎಂದುಕೊಂಡಿದ್ದ. ಅಂಗಡಿಯ ಯಜಮಾನ ಕುಳಿತುಕೋ ಅನ್ನುವುದರೊಳಗೆ ಇವನೇ ಕುರ್ಚಿ ಎಳೆದು ಕುಳಿತು, ಯಜಮಾನನನ್ನೇ ಗುರುತಿನ ಚೀಟಿ ಕೇಳಿದನಂತೆ.

ಇಂಥವನ್ನೆಲ್ಲ ಹೇಳಿ ನಗಿಸಿ ಮಕ್ಕಳನ್ನು ಕಳಿಸುತ್ತೇನೆ. ನಾನು ಏನು ಹಾಕಿಕೊಂಡು ಹೋಗಿದ್ದೆ ಎಂದು ಅವರು ಕೇಳಿದರೆ ಮಾತ್ರ ಮಾತು ಮರೆಸುತ್ತಿದ್ದೆ. ಅಪ್ಪ ಹೋಗಿ ಮೊನ್ನೆಗೆ ಒಂದು ವರ್ಷವಾಯಿತು. ಇನ್ನು ಹೇಳಿದರೆ ಯಾರಿಗೂ ತಲೆ ತಗ್ಗಿಸುವ ಪ್ರಸಂಗ ಬರುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಅಮ್ಮ ತುಂಗಮ್ಮ ಕೊಳದ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ವಾಸಪ್ಪನವರ ಅಂಗಡಿ. ವಾಸಪ್ಪನವರು ಒಳಗಿನ ಕತ್ತಲೆ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದರು, ಹೊರಗೆ ಬಂದವರಿಗೆ ಕನ್ನಡಕ ತೊಡಿಸುವುದು ಅಮ್ಮನ ಕೆಲಸ. ತೊಡಿಸುವುದರಲ್ಲಿ ಏನಿದೆ ಎಂದು ನಿಮಗೆ ಅನ್ನಿಸಬಹುದು. ಅಪರಿಚಿತರೊಬ್ಬರು ನಿಮ್ಮ ಮುಖದ ಹತ್ತಿರ ಎರಡೂ ಕೈ ತಂದರೆ ಹೇಗಾಗುತ್ತದೆ ಎಂದು ಯೋಚಿಸಿ ನೋಡಿ. ಅಮ್ಮ ಮೊದಲು ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ, ಬಾಯಿಯ ಹತ್ತಿರ ತಂದು ಒಮ್ಮೆ ಬಿಸಿಯುಸಿರು ಬಿಡುತ್ತಿದ್ದಳು. ಆಮೇಲೆ ಕಿವಿಯ ಹಿಂದಿನ ಕೂದಲನ್ನು ಸರಿಸಿ, ಕಡ್ಡಿ ತಾಗಿದ್ದು ಗೊತ್ತೇ ಆಗದ ಹಾಗೆ ಕನ್ನಡಕ ಕೂರಿಸಿ, "ಈಗ ನೋಡಿ" ಎನ್ನುತ್ತಿದ್ದಳು. ಆ ಎರಡು ಪದ ಕೇಳುವುದಕ್ಕೆಂದೇ ಕಣ್ಣು ಚೆನ್ನಾಗಿರುವವರೂ ಬರುತ್ತಾರೆ ಎಂದು ವಾಸಪ್ಪನವರು ತಮಾಷೆ ಮಾಡುತ್ತಿದ್ದರು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಳಿತು ತನಗೊಂದು ಹಸಿರು ಸ್ವೆಟರು ಹೆಣೆದುಕೊಂಡಳು. ಮೂರು ಚಳಿಗಾಲ ಅದನ್ನು ಮೈಯಿಂದ ಇಳಿಸಲಿಲ್ಲ.

ನನಗೆ ಹದಿಮೂರಾಗಿದ್ದಾಗ ನಾಲ್ಕು ದಿನದ ಜ್ವರದಲ್ಲಿ ಅಮ್ಮ ಹೋಗಿಬಿಟ್ಟಳು. ಜ್ವರದಲ್ಲೂ ಆ ಸ್ವೆಟರೇ ಅವಳ ಮೈಮೇಲಿತ್ತು.

ಸತ್ತವರು ಕೊನೆಯದಾಗಿ ಹಾಕಿಕೊಂಡಿದ್ದ ಬಟ್ಟೆಯನ್ನು ನಮ್ಮೂರಿನಲ್ಲಿ ಯಾರೂ ಮುಟ್ಟುವುದಿಲ್ಲ. ಅದಕ್ಕೆ ಇಟ್ಟ ಬಟ್ಟೆ ಎನ್ನುತ್ತಾರೆ. ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಮಕ್ಕಳ ಬದುಕಿನ ಒಂದು ದೊಡ್ಡ ದಿನಕ್ಕೆ, ಸಾಮಾನ್ಯವಾಗಿ ಮದುವೆಗೆ, ಅದನ್ನು ತೆಗೆದುಕೊಡುತ್ತಾರೆ. ಆ ದಿನ ಮಗಳು ಅದನ್ನು ಹಾಕಿಕೊಂಡು ಒಂದು ಗಳಿಗೆ ಕುಳಿತರೆ ತಾಯಿಯೂ ಬಂದು ಹೋದ ಹಾಗೆ. ಬೇರೆ ಬಟ್ಟೆಗಳನ್ನು ಮಾತ್ರ ನೆಂಟರು ಹಂಚಿಕೊಳ್ಳುತ್ತಾರೆ. ಅಮ್ಮನ ಸೀರೆಗಳನ್ನು ಚಿಕ್ಕಮ್ಮ ತೆಗೆದುಕೊಂಡು ಹೋದಳು. ಆಮೇಲಿನ ಎರಡು ಮೂರು ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ಬೀದಿಯ ತಿರುವಿನಲ್ಲಿ ಎಡಗಾಲನ್ನು ಚೂರು ಎಳೆದು ಹಾಕುತ್ತಾ, ಸೆರಗನ್ನು ಮೊಣಕೈಗೆ ಸುತ್ತಿಕೊಂಡು ಅಮ್ಮ ಬರುತ್ತಿದ್ದಳು. ಒಂದೇ ಓಟಕ್ಕೆ ಹೋಗಿ ತಬ್ಬಿಕೊಂಡರೆ ಮುಖ ಚಿಕ್ಕಮ್ಮನದು. ಗೊತ್ತಿದ್ದೂ ಓಡುತ್ತಿದ್ದೆ. ಪ್ರತಿ ಸಲವೂ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಬೇರೆಯವರು ಹತ್ತು ಹನ್ನೆರಡು ಸಲ ಉಟ್ಟರೆ ಬಟ್ಟೆಯಲ್ಲಿ ಇದ್ದವರು ಹೊರಟುಹೋಗುತ್ತಾರೆ. ಒಂದು ದಿನ ತಿರುವಿನಲ್ಲಿ ಚಿಕ್ಕಮ್ಮ ಚಿಕ್ಕಮ್ಮನ ಹಾಗೆಯೇ ನಡೆದು ಬಂದಳು. ಅವತ್ತು ನಾನು ಓಡಲಿಲ್ಲ, ಅಳಲೂ ಇಲ್ಲ.

ಅಲ್ಲಿಂದ ಮುಂದೆ ಅಮ್ಮ ಅಂತ ಉಳಿದದ್ದು ಆ ಟ್ರಂಕಿನಲ್ಲಿದ್ದ ಹಸಿರು ಸ್ವೆಟರೊಂದೇ. ಬೀಗದ ಕೈ ಅಪ್ಪನ ಉಡಿದಾರದಲ್ಲಿತ್ತು.

ಅಪ್ಪನ ಹೆಸರು ಮರಿಸ್ವಾಮಿ, ಬಸ್‌ ನಿಲ್ದಾಣದ ಎದುರಿಗೆ ಸೈಕಲ್ ರಿಪೇರಿ ಅಂಗಡಿ. ಮಾತು ಕಡಿಮೆ. ಬೆಂಡಾದ ಚಕ್ರವನ್ನು ಎತ್ತಿ ಹಿಡಿದು, ಎಡಗಣ್ಣು ಮುಚ್ಚಿ, ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಕಚ್ಚಿಕೊಂಡು, ನಿಧಾನವಾಗಿ ತಿರುಗಿಸಿ ನೋಡಿ, ಎಲ್ಲಿ ಸೊಟ್ಟಗಿದೆಯೋ ಅಲ್ಲಿಗೆ ಸರಿಯಾಗಿ ಕೈ ಹಾಕುತ್ತಿದ್ದ. ಅಮ್ಮ ಹೋದಮೇಲೆ ಮನೆಯ ಅಡುಗೆಯೂ ಅವನದೇ ಆಯಿತು. ವಾರವಿಡೀ ಮಾಡುತ್ತಿದ್ದ ಸಾರು ಬಾಯಿಗಿಡುವ ಹಾಗಿರಲಿಲ್ಲ. ಆದರೆ ಶನಿವಾರ ಅಂಗಡಿಗೆ ಬೆಳಿಗ್ಗೆ ರಜೆ ಕೊಡುತ್ತಿದ್ದ. ಮಧ್ಯಾಹ್ನ ನಾನು ಶಾಲೆ ಮುಗಿಸಿ ಬರುವ ಹೊತ್ತಿಗೆ ಒಲೆಯ ಮೇಲೆ ಸಾರು ಸಿದ್ಧವಿರುತ್ತಿತ್ತು, ಥೇಟ್ ಅಮ್ಮನದೇ. ಇಂಗಿನ ಒಗ್ಗರಣೆ, ಕೊನೆಗೆ ಹಾಕುವ ಚೂರು ಬೆಲ್ಲ, ಎಲ್ಲವೂ. "ಯಾರು ಮಾಡಿದ್ದಪ್ಪ?" ಎಂದು ಕೇಳಿದರೆ, "ಪಕ್ಕದ ಮನೆಯವ್ರು ಕೊಟ್ರು" ಎನ್ನುತ್ತಿದ್ದ. ಎರಡು ಮೂರು ತಿಂಗಳು ಹಾಗೆ ನಡೆಯಿತು. ಆಮೇಲೆ ಶನಿವಾರದ ಸಾರಿಗೂ ಉಪ್ಪು ಜಾಸ್ತಿಯಾಗತೊಡಗಿತು. ಪಕ್ಕದ ಮನೆಯವರಿಗೂ ಬೇಜಾರಾಗಿರಬೇಕು ಎಂದುಕೊಂಡು ಸುಮ್ಮನಾದೆ.

ನಾನು ಪಿಯುಸಿ ಸೇರಿದ ವರ್ಷ ವಾಸಪ್ಪನವರ ಅಂಗಡಿಯ ಗಾಜಿನ ಮೇಲೆ ಒಂದು ಕಾಗದ ಅಂಟಿಸಿದ್ದು ಕಂಡಿತು. ಸಂಜೆ ನಾಲ್ಕರಿಂದ ಏಳರವರೆಗೆ ಕೆಲಸಕ್ಕೆ ಬೇಕಾಗಿದ್ದಾರೆ, ವಿದ್ಯಾರ್ಥಿಗಳೂ ಬರಬಹುದು, ಸಂದರ್ಶನ ಭಾನುವಾರ. ನಾನು ಒಳಗೆ ಹೋದೆ. ವಾಸಪ್ಪನವರು ತಲೆಯೆತ್ತಿ ನೋಡಿದರು.

"ತುಂಗಮ್ಮನ ಮಗಳಲ್ವೇನಮ್ಮ? ಅವಳು ಹೋದ್ಮೇಲೆ ನಾಲ್ಕು ಜನಾನ ನೋಡಿಬಿಟ್ಟೆ. ಒಬ್ರ ಕೈಗೂ ಈ ಕೆಲಸ ಹತ್ತಲಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಇಟ್ಟ ಬಟ್ಟೆ ಹಾಗೇ ಇದೆಯಾ? ಕೇಳಬಾರದು, ಆದ್ರೂ ಕೇಳ್ತಿದೀನಿ" ಎಂದರು.

"ಇದೆ ಸಾರ್" ಎಂದೆ.

ಕೆಲಸದ ಆಸೆ ಇತ್ತೇ ಎಂದರೆ, ಇತ್ತು. ಆದರೆ ನಿಜವಾಗಿ ನನಗೆ ಬೇಕಿದ್ದದ್ದು ಅಮ್ಮ. ಮದುವೆಯ ದಿನ, ಓಲಗದ ಗದ್ದಲದಲ್ಲಿ, ನೂರು ಜನರ ನಡುವೆ ಒಂದು ಗಳಿಗೆ ಬಂದು ಹೋಗುವ ಅಮ್ಮನನ್ನು ಇಟ್ಟುಕೊಂಡು ನಾನೇನು ಮಾಡಲಿ? ಅವಳದೇ ಅಂಗಡಿಯಲ್ಲಿ, ಅವಳದೇ ಸ್ಟೂಲಿನ ಪಕ್ಕದಲ್ಲಿ, ಅವಳ ಬೆರಳುಗಳು ನನ್ನ ಕೈಯಲ್ಲಿ ಬಂದು ಒಂದಕ್ಕೊಂದು ಉಜ್ಜಿಕೊಳ್ಳುವುದನ್ನು ನನ್ನ ಕಣ್ಣಾರೆ ನೋಡಬೇಕು ಅನ್ನಿಸಿತು. ಆ ಆಸೆ ಹುಟ್ಟಿದ ಮೇಲೆ ಊಟ ಸೇರಲಿಲ್ಲ.

ರಾತ್ರಿಯ ಊಟಕ್ಕೆ ಕುಳಿತಾಗ ಅಪ್ಪನನ್ನು ಕೇಳಿದೆ. ಅವನು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

"ಅದು ಮದುವೆಗೆ ಇಟ್ಟಿರೋದು."

"ಮದುವೆ ಯಾವಾಗಲೋ ಏನೋ. ನನಗೆ ಈಗ ಬೇಕಪ್ಪ."

"ಬೇಡ ಮಗಾ. ಬೇರೆ ಏನಾದ್ರೂ ಹಾಕ್ಕೊಂಡು ಹೋಗು."

"ಬೇರೆ ಏನು? ಯಾರದ್ದು?"

ಅಪ್ಪ ತಟ್ಟೆಯನ್ನೇ ನೋಡುತ್ತಾ, ಸಂಕೋಚದಿಂದ, "ನನ್ನ ಅಂಗಿ ಇದೆಯಲ್ಲ. ಒಗೆದಿಟ್ಟಿದೀನಿ" ಎಂದ.

ನನಗೆ ನಗು ಬಂತು, ಸಿಟ್ಟೂ ಬಂತು. "ಪಂಕ್ಚರ್ ಹಾಕೋರ ಅಂಗಿ ಹಾಕ್ಕೊಂಡು ಕನ್ನಡಕದ ಅಂಗಡಿಗೆ ಹೋಗ್ಲಾ? ಮುಖಕ್ಕೆ ಗಾಳಿ ಹೊಡಿಯೋಕಾ?" ಎಂದುಬಿಟ್ಟೆ. ಆ ಮಾತನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ. ಅಪ್ಪ ಎದ್ದು ಕೈ ತೊಳೆದುಕೊಂಡ.

ಮೂರು ದಿನ ನಾನು ಅವನ ಜೊತೆ ಮಾತು ಬಿಟ್ಟೆ. ಭಾನುವಾರ ಬೆಳಿಗ್ಗೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಕುರ್ಚಿಯ ಮೇಲೆ ಹಸಿರು ಸ್ವೆಟರು ನೀಟಾಗಿ ಮಡಚಿಟ್ಟಿತ್ತು.

ಮುಖಕ್ಕೆ ಒತ್ತಿಕೊಂಡು ಮೂಸಿ ನೋಡಿದೆ. ನುಸಿಗುಳಿಗೆಯ ವಾಸನೆ ಗಾಢವಾಗಿತ್ತು. ಅದರಡಿಯಲ್ಲಿ ಸಣ್ಣಗೆ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ. ಅಪ್ಪ ಕೈಯಲ್ಲಿ ಹಿಡಿದು ತಂದಿದ್ದಾನಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಕಂಕುಳ ಹತ್ತಿರ ಹೊಲಿಗೆ ಬಿಟ್ಟಿತ್ತು, ಮೊಣಕೈ ಜೋಲಾಗಿತ್ತು. ಮೂರು ಚಳಿಗಾಲ ಹಾಕಿದ್ದು, ಜೋಲಾಗದೆ ಏನಾಗುತ್ತದೆ? ಮನೆಯಿಂದಲೇ ಹಾಕಿಕೊಂಡು ಹೋದರೆ ದಾರಿಯಲ್ಲೇ ಅಮ್ಮ ಖರ್ಚಾಗಿಬಿಡುತ್ತಾಳೆ ಎಂದು ಅದನ್ನು ಕೈಚೀಲದಲ್ಲಿಟ್ಟುಕೊಂಡೆ. ಕಾಲೇಜಿನ ಯೂನಿಫಾರ್ಮ್ ಹಾಕಿ, ತಲೆ ಬಾಚಿ, ಎರಡು ಸಲ ಕೈ ತೊಳೆದು ಹೊರಟೆ. ಅಮ್ಮ ಬರುವ ಕೈ, ಕೊಳೆಯಾಗಿರಬಾರದು.

ಅಂಗಡಿಯಲ್ಲಿ ನನಗಿಂತ ಮೊದಲು ಇಬ್ಬರು ಬಂದು ಹೋಗಿದ್ದರು. ಒಬ್ಬಳು ನರ್ಸಮ್ಮನ ಕೋಟು ಹಾಕಿಕೊಂಡು ಬಂದು, ಕನ್ನಡಕ ತೊಡಿಸುವುದಕ್ಕಿಂತ ಮೊದಲು ಎಲ್ಲರಿಗೂ ನಾಲಿಗೆ ಚಾಚಲು ಹೇಳಿದಳಂತೆ. ವಾಸಪ್ಪನವರು ನನ್ನನ್ನು ನೋಡಿ ಎದ್ದೇ ನಿಂತರು. ಪಕ್ಕದ ಬೆಂಚಿನ ಮೇಲೆ ಒಬ್ಬ ಅಜ್ಜಿ ಕುಳಿತಿದ್ದಳು. ಪುಟ್ಟತಾಯಮ್ಮ ಎಂದು ಹೆಸರು, ಅಮ್ಮನ ಹಳೆಯ ಗಿರಾಕಿ. ಮೂಗಿನ ಮೇಲೆ ಸೊಟ್ಟಗೆ ಜಾರಿದ ಕನ್ನಡಕ. ಅಮ್ಮ ಹೋದಮೇಲೆ ಬೇರೆ ಯಾರಿಗೂ ಮುಖ ಮುಟ್ಟಗೊಡದೆ ಅದನ್ನೇ ದಾರ ಕಟ್ಟಿಕೊಂಡು ಕಾಲ ಹಾಕಿದ್ದಳಂತೆ.

"ತುಂಗಮ್ಮನ ಕೈ ಬರ್ತದೆ ಅಂತ ಯಜಮಾನ್ರು ಹೇಳಿಕಳಿಸಿದ್ರು ಕಣವ್ವ. ಅದಕ್ಕೇ ಬಂದೆ" ಎಂದಳು.

ನಾನು ಕೈಚೀಲದಿಂದ ಸ್ವೆಟರು ತೆಗೆದೆ. ವಾಸಪ್ಪನವರು ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿದರು. ಆ ಹಸಿರು ನೂಲನ್ನು ಅಮ್ಮನಿಗೆ ತಂದುಕೊಟ್ಟವರು ಅವರೇ ಎಂದು ನನಗೆ ಗೊತ್ತಿತ್ತು. ತೋಳು ತೂರಿಸಿ ಒಂದೊಂದಾಗಿ ಗುಂಡಿ ಹಾಕಿಕೊಂಡೆ. ಬಟ್ಟೆಯಲ್ಲಿರುವವರು ಬರಲು ಸ್ವಲ್ಪ ಹೊತ್ತು ಬೇಕು. ಗೋಡೆಯ ತುಂಬ ಕನ್ನಡಿಗಳು, ಎಲ್ಲದರಲ್ಲೂ ಹಸಿರು ಸ್ವೆಟರು.

ಮೆಲ್ಲಗೆ ಏನೋ ಬಂತು. ಮೊದಲು ಎದೆಯ ಹತ್ತಿರ ಭಾರವಾಯಿತು. ಬಾಗಿಲ ಕಡೆಗೆ ಕಿವಿ ಇಟ್ಟುಕೊಂಡು ಯಾರನ್ನೋ ಕಾಯುತ್ತಿರುವ ಹಾಗೆ, ಆ ಕಾಯುವಿಕೆ ಬಹಳ ದಿನದ್ದು ಎನ್ನುವ ಹಾಗೆ. ಅಮ್ಮ ಬಂದಳು ಎಂದುಕೊಂಡೆ. ಅವಳೂ ನನಗಾಗಿ ಹೀಗೆಯೇ ಕಾಯುತ್ತಿದ್ದಳಾ ಎಂದು ಕಣ್ಣು ತುಂಬಿ ಬಂತು. ಅಜ್ಜಿಯ ಮುಂದೆ ಹೋಗಿ ನಿಂತು ನನ್ನ ಬೆರಳುಗಳನ್ನು ನೋಡುತ್ತಾ ಕಾದೆ. ಉಜ್ಜಿಕೊಳ್ಳಿ, ಈಗ ಉಜ್ಜಿಕೊಳ್ಳಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಬೆರಳುಗಳು ಉಜ್ಜಿಕೊಳ್ಳಲಿಲ್ಲ. ಕೈ ನೇರವಾಗಿ ಹೋಗಿ ಅಜ್ಜಿಯ ಮುಖದಿಂದ ಕನ್ನಡಕವನ್ನು ಕಿತ್ತುಕೊಂಡಿತು. ದಾರ ಬಿಚ್ಚಿ ಬಿಸಾಡಿತು. ಕಿಟಕಿಯ ಬೆಳಕಿಗೆ ಅದನ್ನು ಎತ್ತಿ ಹಿಡಿದು ಮೆಲ್ಲಗೆ ತಿರುಗಿಸಿತು. ಎಲ್ಲಿ ಬಾಗಿದೆ ಎಂದು ನನಗೆ ಥಟ್ಟನೆ ಕಂಡಿತು. ಹೆಬ್ಬೆರಳಿನಿಂದ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಚೂರು ಎಳೆದು, ಮತ್ತೆ ಬೆಳಕಿಗೆ ಹಿಡಿದು ನೋಡಿದೆ. ಏನು ನಡೆಯುತ್ತಿದೆ ಎಂದು ತಿಳಿಯದೆ ತಲೆ ಎತ್ತಿದರೆ ಎದುರಿಗೆ ಕನ್ನಡಿ. ಅದರಲ್ಲಿದ್ದ ನನ್ನ ಎಡಗಣ್ಣು ಮುಚ್ಚಿತ್ತು. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿತ್ತು.

ಅಪ್ಪ.

ಹೇಗೋ ಕನ್ನಡಕವನ್ನು ಅಜ್ಜಿಯ ಮೂಗಿನ ಮೇಲಿಟ್ಟೆ. ಕೈ ಖಾಲಿಯಾದ ಮೇಲೂ ಅದು ಸುಮ್ಮನಿರಲಿಲ್ಲ. ನನ್ನ ಎಡಗೈ ತಾನಾಗಿ ಬಂದು ಬಲತೋಳಿನ ಮೇಲೆ ಕುಳಿತು, ಮೊಣಕೈಯಿಂದ ಮಣಿಕಟ್ಟಿನವರೆಗೆ ಮೆತ್ತಗೆ ಸವರಿತು. ಮತ್ತೆ ಮೇಲಿಂದ ಸವರಿತು. ನಿದ್ದೆ ಮಾಡುತ್ತಿರುವವರ ತೋಳನ್ನು, ಎಚ್ಚರವಾಗದಿರಲಿ ಎಂದು, ಸವರುವ ಹಾಗೆ. ಅಪ್ಪ ಹಾಗೆ ಮಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಆದರೂ ಅದು ಅವನದೇ ಕೈ ಎಂದು ಗೊತ್ತಾಯಿತು. ಅಪ್ಪ ಈ ಸ್ವೆಟರು ಹಾಕಿಕೊಂಡು ಕುಳಿತಾಗ ಅದರ ತೋಳಿನೊಳಗಿದ್ದದ್ದು ಅವನ ಪಾಲಿಗೆ ಅಮ್ಮನ ಕೈ. ಅದನ್ನು ಸವರುತ್ತಾ ಕುಳಿತಿದ್ದಾನೆ. ಶನಿವಾರ ಬೆಳಿಗ್ಗೆ, ನಾನು ಶಾಲೆಯಲ್ಲಿರುವಾಗ, ಅಂಗಡಿಗೆ ರಜೆ ಹಾಕಿ. ಅಮ್ಮನ ಸಾರು ಹೇಗೆ ಬಂತು, ಆಮೇಲೆ ಅದಕ್ಕೆ ಉಪ್ಪು ಯಾಕೆ ಜಾಸ್ತಿಯಾಯಿತು ಎನ್ನುವುದೂ ಆಗಲೇ ಹೊಳೆಯಿತು.

"ಮೂಗಿನ ಮ್ಯಾಲೆ ನೆಟ್ಟಗೆ ಕೂತದೆ. ಇಷ್ಟು ವರ್ಷದಾಗೆ ಹಿಂಗೆ ಕೂತೇ ಇರ್ನಿಲ್ಲ" ಎಂದು ಅಜ್ಜಿ ತಲೆ ಅಲ್ಲಾಡಿಸಿ ನೋಡಿದಳು. ಆಮೇಲೆ ನನ್ನ ಮುಖವನ್ನು ನೋಡಿ, "ಆದ್ರೆ ಇದು ತುಂಗಮ್ಮ ಅಲ್ಲ. ಯಾರವ್ವ ಇದು?" ಎಂದಳು.

ಇಟ್ಟ ಬಟ್ಟೆಯನ್ನು ಕದ್ದು ಹಾಕಿಕೊಂಡವನೆಂದರೆ ನಮ್ಮೂರಿನಲ್ಲಿ ಜನ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಮಕ್ಕಳ ಪಾಲಿನ ತಾಯಿಯನ್ನು ತಿಂದವನು ಎನ್ನುತ್ತಾರೆ. ಮೇಲಿನ ಕೇರಿಯ ಒಬ್ಬನಿಗೆ ಈ ಹೆಸರು ಬಂದು, ಕ್ಷೌರದವನು ಸಹ ಅವನ ಮನೆಗೆ ಹೋಗುವುದನ್ನು ಬಿಟ್ಟಿದ್ದ. ನನಗೆ ಅಪ್ಪನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ನನ್ನ ಪಾಲಿನ ಅಮ್ಮನನ್ನೇ ಅವನು ಮುಗಿಸಿದ್ದ. ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಆ ಕೈ ಇನ್ನೂ ನನ್ನ ತೋಳನ್ನು ಸವರುತ್ತಲೇ ಇತ್ತು.

"ನಾನೇ ಅಜ್ಜಿ" ಎಂದೆ. "ಇದು ನನ್ನ ಸ್ವೆಟರು. ಅಮ್ಮನದರ ಹಾಗೇ ಇರೋದು. ಅಮ್ಮನ್ನ ಮದುವೆಗೆ ಅಂತ ಇಟ್ಟಿದೀವಿ."

ವಾಸಪ್ಪನವರು ತಮ್ಮ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಅಮ್ಮ ಆ ಸ್ವೆಟರನ್ನು ಒಂದೊಂದೇ ಸಾಲು ಹೆಣೆಯುವುದನ್ನು ನೋಡಿದವರು ಅವರು. ಮೂರನೆಯ ಗುಂಡಿ ಸಿಗದೆ, ಅಂಗಡಿಯ ಹಳೆಯ ಕೋಟಿನಿಂದ ಬಿಚ್ಚಿ ಅವರೇ ಕೊಟ್ಟಿದ್ದ ಕಂದು ಗುಂಡಿ ಇನ್ನೂ ಅಲ್ಲೇ ಇತ್ತು. ಅವರ ಕಣ್ಣು ಆ ಗುಂಡಿಯ ಮೇಲೆ ಒಂದು ಕ್ಷಣ ನಿಂತು, ಪಕ್ಕಕ್ಕೆ ಸರಿಯಿತು.

"ಒಳ್ಳೇದಾಯ್ತು. ಮದುವೆಗೇ ಇರ್ಲಿ" ಎಂದರು. ಆಮೇಲೆ, "ಡ್ರಾಯರಿನ ತುಂಬ ಸೊಟ್ಟ ಫ್ರೇಮುಗಳು ಬಿದ್ದಿವೆ. ನೆಟ್ಟಗೆ ಮಾಡೋರು ಯಾರೂ ಇರಲಿಲ್ಲ. ತೊಡಿಸೋದನ್ನ ನಿಧಾನಕ್ಕೆ ಕಲೀಬಹುದು. ನಾಳೆ ನಾಲ್ಕಕ್ಕೆ ಬಂದುಬಿಡು" ಎಂದರು.

ಕೆಲಸ ಸಿಕ್ಕಿತು. ಕೊಳದ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಅತ್ತೆ. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡು ಮನೆಯ ಕಡೆ ನಡೆದೆ. ಸ್ವೆಟರು ಬಿಚ್ಚಲಿಲ್ಲ. ಇನ್ನು ಯಾರಿಗಾಗಿ ಉಳಿಸಬೇಕು ಎಂದು ಹಾಕಿಕೊಂಡೇ ಹೋದೆ.

ಅಪ್ಪ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಒಲೆಯ ಮೇಲೆ ಸಾರು ಕುದ್ದು ಕುದ್ದು ತಳ ಹಿಡಿಯುತ್ತಿತ್ತು. ಅವನು ನನ್ನ ಮುಖ ನೋಡಲಿಲ್ಲ, ಸ್ವೆಟರನ್ನು ನೋಡಿದ.

"ಕೆಲಸ ಸಿಕ್ತು" ಎಂದೆ.

"ಅವಳು ಬಂದ್ಲಾ?" ಎಂದು ಕೇಳಿದ. ಉತ್ತರ ಗೊತ್ತಿದ್ದವನು, ಆದರೂ ಎಲ್ಲೋ ಒಂದು ಎಳೆ ಉಳಿದಿದ್ದೀತು ಎಂಬ ಆಸೆಯಿಂದ ಕೇಳಿದ. ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ನನ್ನ ಬಾಯಲ್ಲೇ ಉಳಿದವು. ಆ ಸ್ವೆಟರು ಮೈಮೇಲಿರದಿದ್ದರೆ ಬೈದುಬಿಡುತ್ತಿದ್ದೆನೋ ಏನೋ. ಅದು ಮೈಮೇಲಿರುವಾಗ ಅವನು ಕಾದದ್ದು ನನ್ನ ಎದೆಯಲ್ಲೇ ಇತ್ತು, ಅವನನ್ನು ಬೈಯುವಷ್ಟು ದೂರದಲ್ಲಿ ನಾನಿರಲಿಲ್ಲ.

ನಾನು ಅವನ ಎದುರಿಗೆ ಕುಳಿತೆ. "ನಿನಗೆ ಎಷ್ಟು ದಿನ ಬಂದ್ಲಪ್ಪ?"

"ಹನ್ನೊಂದು ಶನಿವಾರ" ಎಂದ. "ಮೊದಲನೇ ದಿನ ಬರೀ ಹಾಕ್ಕೊಂಡು ನೋಡೋಣ ಅಂತಿದ್ದೆ. ಕೈ ತಾನಾಗೇ ಸಾರಿಗೆ ಬೆಲ್ಲ ಹಾಕ್ತು. ನಿನಗೆ ಬಡಿಸಬೇಕು ಅನ್ನಿಸ್ತು. ಹನ್ನೆರಡನೇ ಶನಿವಾರ ನೋಡ್ತೀನಿ, ನಾನೊಬ್ನೇ ಇದ್ದೆ."

"ಮತ್ತೆ ಆಮೇಲೂ ಯಾಕೆ ಹಾಕ್ಕೊಂಡೆ? ಮೂರು ವರ್ಷ?"

"ಬಂದ್ರೂ ಬರಬಹುದು ಅಂತ."

ಸಾರು ಸೀದ ವಾಸನೆ ಬಂತು. ನಾನು ಎದ್ದು ಒಲೆ ಆರಿಸಿ ಬಂದೆ. ಒಂದೇ ಒಂದು ಮಾತು ಕೇಳದೆ ಇರಲು ನನ್ನಿಂದ ಆಗಲಿಲ್ಲ.

"ನಾನು ಬರೋ ಹೊತ್ತಿಗೆ ಯಾಕಪ್ಪ ತೆಗೆದಿಡ್ತಿದ್ದೆ? ಹನ್ನೊಂದು ಶನಿವಾರ ಅವಳು ಇದೇ ಮನೇಲಿ ಇದ್ಲು. ನಾನೂ ನೋಡ್ತಿದ್ದೆನಲ್ಲ."

ಅಪ್ಪ ಆಗ ಅತ್ತ. ಅಮ್ಮ ಸತ್ತ ದಿನವೂ ಅವನು ನನ್ನ ಎದುರಿಗೆ ಅತ್ತಿರಲಿಲ್ಲ. "ಚಿಕ್ಕಮ್ಮನ ಹತ್ರ ಓಡಿ ಹೋಗಿ ಅಳ್ತಿದ್ದೆಯಲ್ಲ ಮಗಾ, ನಾನು ನೋಡ್ತಿದ್ದೆ. ಇಲ್ಲೂ ಓಡಿ ಬಂದು ತಬ್ಕೊಂಡುಬಿಡ್ತೀಯ ಅಂತ ಭಯ. ತಬ್ಕೊಂಡ್ರೆ ಒಳಗಡೆ ನಾನಿರ್ತೀನಲ್ಲ."

ಸಂಜೆಯ ಬಿಸಿಲು ಅಡುಗೆಮನೆಯ ಜಾಲಂದ್ರದಿಂದ ಬಂದು ನಮ್ಮಿಬ್ಬರ ನಡುವೆ ಬಿದ್ದಿತ್ತು. ಹಾಗೇ ಕುಳಿತಿದ್ದಾಗ ನನ್ನ ಎಡಗೈ ಮತ್ತೆ ತಾನಾಗಿ ಎದ್ದು ಬಲತೋಳನ್ನು ಸವರತೊಡಗಿತು. ಅಪ್ಪ ಅದನ್ನು ನೋಡಿದ. ತಾನು ಯಾರಿಗೂ ತೋರಿಸದೆ ಮಾಡುತ್ತಿದ್ದದ್ದನ್ನು ಮಗಳ ಕೈಯಲ್ಲಿ ನೋಡಿ ಅವನ ಮುಖ ಕೆಂಪಾಯಿತು. ಏಳಲು ಹೋದ.

ನಾನು ನನ್ನ ಎಡಗೈಯನ್ನು ಹಿಂದಕ್ಕೆ ತೆಗೆದು, ಸ್ವೆಟರಿನ ಬಲತೋಳನ್ನು ಅವನ ಕಡೆಗೆ ಚಾಚಿದೆ. ಅವನು ಮೊದಲು ಹಿಂಜರಿದ. ಆಮೇಲೆ ಗ್ರೀಸಿನ ಕಪ್ಪು ಹೋಗದ ಬೆರಳುಗಳನ್ನು ಲುಂಗಿಗೆ ಒರೆಸಿಕೊಂಡು, ಒಂದಕ್ಕೊಂದು ಉಜ್ಜಿ, ಬಾಯಿಯ ಹತ್ತಿರ ತಂದು ಒಮ್ಮೆ ಬಿಸಿಯುಸಿರು ಬಿಟ್ಟ. ಯಾವ ಬಟ್ಟೆಯಿಂದಲೂ ಬಂದದ್ದಲ್ಲ ಅದು. ಅವನ ಮೈಮೇಲೆ ಇದ್ದದ್ದು ಅವನದೇ ಹಳೆಯ ಬನಿಯನ್ನು. ಹನ್ನೊಂದು ಶನಿವಾರದಲ್ಲಿ ಅಮ್ಮನಿಂದ ಕಲಿತು ಇಟ್ಟುಕೊಂಡಿದ್ದ.

ಮೊಣಕೈಯಿಂದ ಮಣಿಕಟ್ಟಿನವರೆಗೆ ಮೆತ್ತಗೆ ಸವರಿದ. ಮೂರು ವರ್ಷದಲ್ಲಿ ಮೊದಲ ಸಲ ಆ ತೋಳಿನೊಳಗೆ ಅವನದಲ್ಲದ ಇನ್ನೊಂದು ಕೈ ಇತ್ತು.